ಕಿಂದರಿಜೋಗಿ ಎಲ್ಲಿಂದ ಬಂದ?

ಪಾಠಯೋಜನೆಯ ‘ಕವಿ ಪರಿಚಯ’ವನ್ನು ನಾವು ಜನ್ಮಸ್ಥಳ, ಪ್ರಶಸ್ತಿಗಳಲ್ಲೇ ಮುಗಿಸುತ್ತೇವೆ, ಕೃತಿಯ ಪ್ರೇರಣೆಯನ್ನು ಹೇಳುವುದಿಲ್ಲ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನೇ ನೋಡಿ. ಅದಕ್ಕೆ ಪ್ರೇರಣೆ ರಾಬರ್ಟ್ ಬ್ರೌನಿಂಗ್‌ನ ಇಂಗ್ಲಿಷ್ ಕವನ. ನಟ ಮ್ಯಾಕ್ರೆಡಿಯ ಮಗ ವಿಲ್ಲಿ ಕಾಯಿಲೆಯಿಂದ ಮಲಗಿದ್ದಾಗ, ಓದಿ ಚಿತ್ರ ಬರೆಯಲೆಂದು ಅವನಿಗಾಗಿ ಬರೆದದ್ದು, 1842ರಲ್ಲಿ ಅಚ್ಚಾಯಿತು. ಆ ಕಥೆಯೂ ಬ್ರೌನಿಂಗ್‌ನದಲ್ಲ, ಜರ್ಮನಿಯ ಹ್ಯಾಮೆಲಿನ್ ಊರಿನ ಹಳೆಯ ಐತಿಹ್ಯ.

ಕುವೆಂಪು ವೇಸರ್ ನದಿಯ ಬದಲು ತಾವು ಬೆಳೆದ ತೀರ್ಥಹಳ್ಳಿ ಸೀಮೆಯ ತುಂಗೆಯನ್ನು ತಂದರು. ಕೊಳಲಿನವನ ಕೈಗೆ ಕಿಂದರಿ ಕೊಟ್ಟು ಜೋಗಿಯಾಗಿಸಿದರು. ಇದನ್ನು ಬರಿಯ ಅನುವಾದವೆಂದರೆ ಸಾಲದು ಎಂಬುದು ನನ್ನ ಅಭಿಪ್ರಾಯ: ಓದಿದ ಕಥೆಗೆ ಕಂಡ ಊರು ಸೇರಿಕೊಂಡಿದೆ.

ಮೈಸೂರಿನ ತರಗತಿಗಳಲ್ಲಿ ಜೋಗಿಯನ್ನು ಕಾಣದ ಮಕ್ಕಳೂ ಇರುತ್ತಾರೆ. ಬೋಧನೋಪಕರಣವಾಗಿ ಕಿಂದರಿಯ ಚಿತ್ರ ಒಯ್ಯಬೇಕು; ಬಳಿಕ, ಇಲಿಗಳು ನಮ್ಮ ದೇವರಾಜ ಮಾರುಕಟ್ಟೆಗೆ ನುಗ್ಗಿದರೆ ಓಡಿಸಲು ಯಾರು, ಯಾವ ವಾದ್ಯ ಹಿಡಿದು ಬರಬಹುದೆಂದು ಕೇಳಬೇಕು.