ಗೋಲಿಗೂ ಗ್ಯಾಲರಿಗೂ ನಡುವೆ ಟ್ರ್ಯಾಕ್

ಹೈದರಾಬಾದಿನ ಗಚ್ಚಿಬೌಲಿ. ಬಾಲಯೋಗಿ ಕ್ರೀಡಾಂಗಣದಲ್ಲಿ ಗೋಲಿನ ಹಿಂದೆ ಕೂತವರ ಕಣ್ಣಿಗೆ ಮೊದಲು ಬೀಳುವುದು ಹುಲ್ಲಲ್ಲ, ಓಟದ ಟ್ರ್ಯಾಕ್. ಆಟಗಾರರ ಜೆರ್ಸಿ ನಂಬರ್ ಓದಲು ಕಣ್ಣು ಕಿರಿದಾಗಿಸಬೇಕು!

ಕಟ್ಟಿದವರ ತಪ್ಪಲ್ಲ ಬಿಡಿ. 2002ರ ರಾಷ್ಟ್ರೀಯ ಕ್ರೀಡಾಕೂಟ, ಮರುವರ್ಷ ಆಫ್ರೋ-ಏಷ್ಯನ್ ಗೇಮ್ಸ್ ಕಂಡ ಅಂಗಳವಿದು. ಫುಟ್‌ಬಾಲ್ ಕ್ಲಬ್ ಹೈದರಾಬಾದ್ ಎಫ್‌ಸಿ ಬಂದದ್ದು 2019ರಲ್ಲಿ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದ್ದೂ ಇದೇ ಕತೆ.

ಏಷ್ಯಾ ಮಟ್ಟದ ಫುಟ್‌ಬಾಲ್ ಪಂದ್ಯ ನಡೆಸಲು 105 ಮೀಟರ್ ಉದ್ದ, 68 ಮೀಟರ್ ಅಗಲದ ಹುಲ್ಲೊಂದೇ ಸಾಲದು. ಟಿವಿಗೆ ಸಾಲುವಷ್ಟು ಫ್ಲಡ್‌ಲೈಟ್, ಡ್ರೆಸ್ಸಿಂಗ್ ರೂಮ್, ಡೋಪಿಂಗ್ ಪರೀಕ್ಷೆಯ ಕೊಠಡಿ, ಎಲ್ಲವೂ ಬೇಕು.

2024ರ ಸೆಪ್ಟೆಂಬರ್‌ನಲ್ಲಿ ಗಚ್ಚಿಬೌಲಿಯಲ್ಲೇ ಇಂಟರ್‌ಕಾಂಟಿನೆಂಟಲ್ ಕಪ್ ನಡೆಯಿತು. ಸಿರಿಯಾ 3-0 ಗೋಲುಗಳಿಂದ ಭಾರತವನ್ನು ಮಣಿಸಿತು.

ಅಂಗಳ ಉಳಿಯಿತು, ಕ್ಲಬ್ ಉಳಿಯಲಿಲ್ಲ. 2022ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಪ್ ಗೆದ್ದಿದ್ದ ಹೈದರಾಬಾದ್ ಎಫ್‌ಸಿ 2025ರಲ್ಲಿ ಹೆಸರು ಬದಲಿಸಿಕೊಂಡು ದೆಹಲಿಗೆ ಹೊರಟಿತು.