ಬೀದಿ ಯಾರದು?

ಹುಮನಾಬಾದಿನ ಪೇಟೆಯ ಬದಿಯಲ್ಲಿ ಬೆಳಗಿನ ಹೊತ್ತು ನಿಂತವರು ಇಂಥದೊಂದು ನೋಟವನ್ನು ಕಾಣಬಹುದು. ತಲೆಯ ಮೇಲೆ ಕಾಯಿಪಲ್ಲೆಯ ಬುಟ್ಟಿ ಹೊತ್ತ ಮುದುಕಿಯೊಬ್ಬಳು ರಸ್ತೆಯನ್ನು ದಾಟಲು ಕಾದಿದ್ದಾಳೆ. ಒಂದು ಹೆಜ್ಜೆ ಮುಂದಿಡುವಳು. ಲಾರಿಯ ಹಾರ್ನಿಗೆ ಬೆದರಿ ಎರಡು ಹೆಜ್ಜೆ ಹಿಂದೆ ಸರಿಯುವಳು. ಪಕ್ಕದಲ್ಲಿ ಸೈಕಲ್ಲು ಹಿಡಿದ ಶಾಲೆಯ ಹುಡುಗಿ. ದಾಟಬೇಕಾದ ದೂರ ಹತ್ತಿಪ್ಪತ್ತು ಹೆಜ್ಜೆ ಮಾತ್ರ. ಕಾಯಬೇಕಾದ ಹೊತ್ತಿಗೆ ಲೆಕ್ಕವಿಲ್ಲ.

ಪುಣೆ–ಹೈದರಾಬಾದು ಹೆದ್ದಾರಿಯೂ ಬೀದರ–ಕಲಬುರಗಿ ಹೆದ್ದಾರಿಯೂ ಕೂಡುವ ಊರು ಹುಮನಾಬಾದು. ದೂರದ ಸರಕಿಗೆ ಇದು ಅನುಕೂಲವೇ ಸರಿ. ಆದರೆ ಊರೊಳಗಿನ ಬೀದಿಗೆ ಬೇರೊಂದು ಕೆಲಸವಿದೆ. ಅಲ್ಲಿ ಕೊಳ್ಳುವವರಿದ್ದಾರೆ, ಮಾರುವವರಿದ್ದಾರೆ. ನಿಂತು ಕುಶಲ ಕೇಳುವವರಿದ್ದಾರೆ. ಅವರಲ್ಲಿ ಬಹುಮಂದಿ ಕಾಲ್ನಡಿಗೆಯವರು.

ನೆರೆಯ ಬಸವಕಲ್ಯಾಣದ ಕಥೆ ಇನ್ನೂ ಹಳೆಯದು. ೧೧ನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನು ಮಾನ್ಯಖೇಟದಿಂದ ರಾಜಧಾನಿಯನ್ನು ಇಲ್ಲಿಗೆ ತಂದನು. ಮುಂದಿನ ಶತಮಾನದಲ್ಲಿ ಬಸವಣ್ಣನವರ ಕೀರ್ತಿಯನ್ನು ಕೇಳಿ ನಾನಾ ಕಾಯಕದ ಶರಣರು ದೂರದೂರದಿಂದ ನಡೆದು ಬಂದುದೂ ಈ ಕಲ್ಯಾಣಕ್ಕೇ. ಊರಿಗೆ ಈಗಿನ ಹೆಸರು ಬಂದದ್ದು ೧೯೫೬ರಲ್ಲಿ. ಇಂಥ ಹಳೆಯ ಊರುಗಳ ಓಣಿಗಳು ಮೋಟಾರನ್ನು ಕಂಡು ಹುಟ್ಟಿದವಲ್ಲ. ಮನುಷ್ಯನ ಕಾಲಿಗೂ ಎತ್ತಿನ ಬಂಡಿಗೂ ಹೊಂದಿಕೊಂಡು ಬೆಳೆದವು. ಅವುಗಳಲ್ಲಿ ಇಂದು ಮೋಟಾರು ಸೈಕಲ್ಲು, ಟಂಟಂ, ಕಾರು ಎಲ್ಲವೂ ನುಗ್ಗಬೇಕಾಗಿವೆ.

ಇಕ್ಕಟ್ಟಾದಾಗ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: ರಸ್ತೆಯನ್ನು ಅಗಲ ಮಾಡಿ. ಅಂಗಡಿಗಳ ಮುಂಭಾಗ ಬೀಳುತ್ತದೆ, ಬೇವಿನ ಮರ ಉರುಳುತ್ತದೆ. ಹೀಗೆ ದೊರೆತ ಜಾಗದಲ್ಲಿ ಅರ್ಧವನ್ನು ನಿಂತ ವಾಹನಗಳು ಆಕ್ರಮಿಸುತ್ತವೆ. ಉಳಿದರ್ಧದಲ್ಲಿ ವೇಗ ಹೆಚ್ಚುತ್ತದೆ. ನಡೆಯುವವನಿಗೆ ದಕ್ಕುವುದೇನು? ನೆರಳಿಲ್ಲದ ಅಂಚು ಮಾತ್ರ.

ಹಾಗಾದರೆ ಕೊರತೆ ಇರುವುದು ಅಗಲದಲ್ಲಿಯೋ ವೇಗದಲ್ಲಿಯೋ? ಗಂಟೆಗೆ ೫೦ ಕಿಲೋಮೀಟರ್ ವೇಗದ ವಾಹನದ ಹೊಡೆತದ ಶಕ್ತಿಯು ೩೦ ಕಿಲೋಮೀಟರ್ ವೇಗದ ಅದೇ ವಾಹನಕ್ಕಿಂತ ಸುಮಾರು ೨.೮ ಪಟ್ಟು ಹೆಚ್ಚು. ೨೦೨೦ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನವು, ಜನರೂ ವಾಹನಗಳೂ ಬೆರೆಯುವೆಡೆ ೩೦ ಕಿಲೋಮೀಟರಿನ ಮಿತಿಯಿರಲಿ ಎಂದು ಘೋಷಿಸಿದ್ದು ಈ ಕಾರಣದಿಂದಲೇ.

ಆದರೆ ಫಲಕವೊಂದನ್ನು ನೆಟ್ಟ ಮಾತ್ರಕ್ಕೆ ವೇಗ ತಗ್ಗುವುದಿಲ್ಲ. ಬೀದಿಯ ರಚನೆಯೇ ಅದನ್ನು ತಗ್ಗಿಸಬೇಕು. ೧೯೬೦ರ ದಶಕದ ಕೊನೆಯಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ಮನೆಗಳ ಮುಂದಿನ ರಸ್ತೆಗಳನ್ನು ಅಂಕುಡೊಂಕಾಗಿಸಿ, ನಡುವೆ ಮರಗಳನ್ನೂ ಕುಳಿತುಕೊಳ್ಳುವ ಬೆಂಚುಗಳನ್ನೂ ಇರಿಸಿದರು. ವಾಹನಗಳು ತಾವಾಗಿಯೇ ನಿಧಾನಿಸಿದವು, ಮಕ್ಕಳು ಆಟಕ್ಕಿಳಿದರು. ೧೯೭೬ರಲ್ಲಿ ಆ ದೇಶದ ಕಾನೂನೇ ಇಂಥ ಬೀದಿಗಳಿಗೆ ಮನ್ನಣೆಯಿತ್ತು, ಅಲ್ಲಿ ವಾಹನಗಳು ನಡಿಗೆಯ ವೇಗದಲ್ಲಿಯೇ ಸಾಗಬೇಕೆಂದು ವಿಧಿಸಿತು. ಬೆಂಗಳೂರಿನ ಚರ್ಚ್ ಸ್ಟ್ರೀಟೂ ೨೦೧೮ರಲ್ಲಿ ಕಲ್ಲುಹಾಸಿನ ಹೊಸ ರೂಪವನ್ನು ಪಡೆಯಿತು. ೨೦೨೦ರ ನವೆಂಬರಿನಿಂದ ಕೆಲವು ತಿಂಗಳು, ವಾರದ ಕೊನೆಯ ದಿನಗಳಲ್ಲಿ ಅಲ್ಲಿ ಮೋಟಾರು ವಾಹನಗಳನ್ನು ತಡೆದು ಬೀದಿಯನ್ನು ಪಾದಚಾರಿಗಳಿಗೇ ಬಿಟ್ಟುಕೊಡಲಾಗಿತ್ತು.

ಸಣ್ಣ ಊರಿಗೆ ಇಷ್ಟು ವೆಚ್ಚ ಬೇಕಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ೨೦೧೨ರ ಮಾರ್ಗಸೂಚಿಯಂತೆ ಕಾಲುಹಾದಿಯಲ್ಲಿ ಅಡೆತಡೆಯಿಲ್ಲದ ೧.೮ ಮೀಟರ್ ಅಗಲವಿದ್ದು, ಎತ್ತರವು ೧೫ ಸೆಂಟಿಮೀಟರನ್ನು ಮೀರದಿದ್ದರೆ ಮುದುಕಿಯೂ ಹತ್ತಿಯಾಳು. ಅಷ್ಟು ಜಾಗವಿಲ್ಲದ ಓಣಿಯಲ್ಲಿ ಕಾಲುಹಾದಿಯ ಹಟವೇಕೆ? ಇಡೀ ಓಣಿಯನ್ನೇ ಒಂದೇ ಮಟ್ಟಕ್ಕೆ ತಂದು, ಎಲ್ಲರೂ ನಿಧಾನವಾಗಿ ಹಂಚಿಕೊಳ್ಳುವಂತೆ ಮಾಡುವುದೇ ಲೇಸು. ತಳ್ಳುಗಾಡಿಯವರನ್ನು ಅಟ್ಟುವುದೂ ಪರಿಹಾರವಲ್ಲ. ೨೦೧೪ರ ಬೀದಿ ವ್ಯಾಪಾರಿಗಳ ಕಾಯಿದೆ ಅವರಿಗೂ ಗೊತ್ತಾದ ಸ್ಥಳವನ್ನು ಕೊಡಬೇಕೆನ್ನುತ್ತದೆ. ಇನ್ನು ಬೀದರ ಜಿಲ್ಲೆಯ ಬೇಸಗೆಯಲ್ಲಿ ನೆರಳಿಲ್ಲದ ಹಾದಿ ಹಾದಿಯೇ ಅಲ್ಲ. ಬೇವು, ಹೊಂಗೆಯ ಸಾಲುಗಳು ಅಲಂಕಾರಕ್ಕಲ್ಲ, ನಡೆಯುವವರ ಪ್ರಾಣರಕ್ಷಣೆಗೆ.

ಸೈಕಲ್ಲಿನ ಹುಡುಗಿಯನ್ನು ಮರೆಯುವಂತಿಲ್ಲ. ೨೦೦೬–೦೭ರಲ್ಲಿ ಆರಂಭವಾದ ಯೋಜನೆಯಂತೆ ರಾಜ್ಯ ಸರಕಾರವು ವರ್ಷಗಳ ಕಾಲ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಸೈಕಲ್ಲುಗಳನ್ನು ಹಂಚಿತು. ಎಷ್ಟೋ ಹೆಣ್ಣುಮಕ್ಕಳಿಗೆ ಅದು ಓದಿನ ಬಾಗಿಲನ್ನೇ ತೆರೆಯಿತು. ಆದರೆ ಸೈಕಲ್ಲನ್ನು ಕೊಟ್ಟು, ಅದನ್ನು ನಿರ್ಭಯವಾಗಿ ತುಳಿಯುವ ದಾರಿಯನ್ನು ಕೊಡದಿದ್ದರೆ ಆ ಉಪಕಾರ ಅರ್ಧಕ್ಕೇ ನಿಂತಂತೆ.

ಬೀದಿಯನ್ನು ಹಂಚಿಕೊಳ್ಳುವ ವಿದ್ಯೆಯನ್ನು ಈ ಊರಿನವರು ಹಾಲೆಂಡಿಗೆ ಹೋಗಿ ಕಲಿಯಬೇಕಾಗಿಲ್ಲ. ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಯಲ್ಲಿ ತೇರು ಹೊರಟಿತೆಂದರೆ ಸಿರಿವಂತನೂ ಕೂಲಿಯವನೂ ಅದರ ವೇಗಕ್ಕೇ ಹೆಜ್ಜೆ ಹಾಕುತ್ತಾರೆ. ಮಗುವನ್ನು ಹೆಗಲಿಗೇರಿಸಿದವನಿಗೆ, ಕೋಲೂರಿದವನಿಗೆ ಎಲ್ಲರೂ ದಾರಿ ಬಿಡುತ್ತಾರೆ. ತಡವಾಯಿತೆಂದು ಯಾರೂ ಗೊಣಗುವುದಿಲ್ಲ. ಆ ಒಂದು ದಿನದ ತಾಳ್ಮೆಯಲ್ಲಿ ಸ್ವಲ್ಪಭಾಗವಾದರೂ ಉಳಿದ ದಿನಗಳಿಗೆ ದೊರೆತರೆ, ರಸ್ತೆಯ ಬದಿಯಲ್ಲಿ ಕಾದು ನಿಂತ ಮುದುಕಿ ಬುಟ್ಟಿಯೊಡನೆ ಆಚೆಗೆ ಸೇರಿಯಾಳು.