ಲೂಯಿಸ್ ಪಟ್ಟಣದ ಬಿಯರ್ ಮನೆ

ಪಾನದ ವಿಷಯದಲ್ಲಿ ನಮ್ಮ ವಾಚಕರು ಒಮ್ಮತದವರಲ್ಲವೆಂಬುದನ್ನು ನಾವು ಬಲ್ಲೆವು. ಮದ್ಯದ ಹೆಸರೆತ್ತಿದರೆ ಮೂಗು ಮುರಿಯುವವರು ನಮ್ಮಲ್ಲಿರುವಂತೆಯೇ, ಮುಂಬಯಿಯ ಬೀದಿಬೀದಿಗಳಲ್ಲಿ ‘ಪರ್ಮಿಟ್ ರೂಮ್’ ಎಂಬ ಹಲಗೆಯನ್ನು ತೂಗಹಾಕಿ ವ್ಯಾಪಾರ ನಡೆಸಿ, ಗಳಿಸಿದ್ದರಲ್ಲಿ ಊರಿನ ಶಾಲೆಗೂ ದೇವಸ್ಥಾನಕ್ಕೂ ಕೈಯೆತ್ತಿ ಕೊಟ್ಟ ಕರಾವಳಿಯ ಬಂಧುಗಳೂ ಇದ್ದಾರೆ. ಈ ಲೇಖನವು ಕುಡಿತದ ಸ್ತುತಿಯೂ ಅಲ್ಲ, ನಿಂದೆಯೂ ಅಲ್ಲ. ದಕ್ಷಿಣ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಲೂಯಿಸ್ ಎಂಬ ಸಣ್ಣ ಪಟ್ಟಣದಲ್ಲಿ, ಬಿಯರ್ ತಯಾರಿಸುವವರೇ ಒಡೆಯರಾಗಿರುವ ಪಾನಗೃಹವೊಂದಕ್ಕೆ ನಾವು ಹೋಗಿಬಂದೆವು. ಅಂಗಡಿ ಯಾರದು, ಅದರಲ್ಲಿ ಯಾರ ಸರಕನ್ನು ಮಾರಬೇಕು, ಅದನ್ನು ನಿರ್ಣಯಿಸುವವರು ಯಾರು ಎಂಬ ಪ್ರಶ್ನೆಯು ಆ ಊರಿನಲ್ಲಿ ಒಂದು ಚಳಿಗಾಲದುದ್ದಕ್ಕೂ ಜನರನ್ನು ಬೀದಿಯಲ್ಲಿ ನಿಲ್ಲಿಸಿತ್ತು. ಹೋಟೆಲಿನ ಕಸುಬನ್ನು ಬಲ್ಲ ನಮ್ಮವರಿಗೆ ಆ ಕಥೆ ರುಚಿಸದೆ ಇರಲಾರದು.

ಲೂಯಿಸ್ ಗುಡ್ಡದ ಇಳಿಜಾರಿಗೆ ಅಂಟಿಕೊಂಡ ಊರು. ಸುತ್ತಲೂ ಸೀಮೆಸುಣ್ಣದ ಬಿಳಿಯ ಗುಡ್ಡಗಳು. ತಗ್ಗಿನಲ್ಲಿ ಊಸ್ ನದಿ. ಮೇಲೆ ನಾರ್ಮನ್ನರ ಕಾಲದ ಕೋಟೆ. 1264ರಲ್ಲಿ ಸೈಮನ್ ಡಿ ಮಾಂಟ್‌ಫರ್ಟನು ಮೂರನೆಯ ಹೆನ್ರಿ ದೊರೆಯನ್ನು ಸೋಲಿಸಿ ಸೆರೆಹಿಡಿದದ್ದು ಇಲ್ಲಿಯೇ. ಪ್ರತಿ ವರ್ಷ ನವೆಂಬರ್ 5ರಂದು ಉರಿಯುವ ಪಂಜುಗಳನ್ನು ಹಿಡಿದು ಊರಿಗೆ ಊರೇ ಮೆರವಣಿಗೆ ಹೊರಡುತ್ತದೆ. ತಮ್ಮನ್ನು ಯಾರೂ ದನದಂತೆ ಅಟ್ಟಲಾರರೆಂಬ ಅರ್ಥದ ಗಾದೆಯೊಂದು ಸಸೆಕ್ಸಿನವರ ಬಾಯಲ್ಲಿ ಹಿಂದಿನಿಂದಲೂ ಇದೆ. ಅಮೆರಿಕದ ಸ್ವಾತಂತ್ರ್ಯಕ್ಕೆ ಲೇಖನಿ ಹಿಡಿದ ಥಾಮಸ್ ಪೇನನು ಅದಕ್ಕೆ ಮೊದಲು, 1768ರಿಂದ 1774ರ ತನಕ, ಈ ಊರಿನಲ್ಲಿದ್ದನು. ಆಗ ಅವನ ಉದ್ಯೋಗವೇನು ಬಲ್ಲಿರಾ? ಅಬಕಾರಿ ಅಧಿಕಾರಿಯ ಚಾಕರಿ. ಬಿಯರ್ ತಯಾರಕರ ಪಾತ್ರೆಗಳನ್ನೂ ಪೀಪಾಯಿಗಳನ್ನೂ ಅಳೆದು ಸುಂಕ ಕಟ್ಟುವುದು ಆ ಇಲಾಖೆಯವರ ಮುಖ್ಯ ಕೆಲಸಗಳಲ್ಲೊಂದಾಗಿತ್ತು. ಹಗಲು ಸುಂಕದ ಲೆಕ್ಕ, ರಾತ್ರಿ ‘ವೈಟ್ ಹಾರ್ಟ್’ ಎಂಬ ವಸತಿಗೃಹದಲ್ಲಿ ಗೆಳೆಯರೊಡನೆ ವಾಗ್ವಾದ. ಹೀಗೆ ಪಳಗಿತು ಆ ನಾಲಗೆ. ಅವನಿದ್ದ ‘ಬುಲ್ ಹೌಸ್’ ಎಂಬ ಮನೆ ಇಂದಿಗೂ ಹೆದ್ದಾರಿಯ ಬದಿಯಲ್ಲಿ ನಿಂತಿದೆ.

ಪೇಟೆಯ ಬೀದಿಯನ್ನು ಇಳಿದು ಕ್ಲಿಫ್ ಸೇತುವೆಯ ಮೇಲೆ ನಿಂತರೆ ನದಿಯ ದಡದಲ್ಲಿ ಒಂದು ಎತ್ತರದ ಕಟ್ಟಡ ಕಾಣುತ್ತದೆ. ಮೊದಲ ನೋಟಕ್ಕೆ ಇಗರ್ಜಿಯೆಂಬ ಭ್ರಮೆಯಾದರೂ ಆಶ್ಚರ್ಯವಿಲ್ಲ. ಊರಿನವರೂ ಅದನ್ನು ವಿನೋದಕ್ಕೆ ‘ಲೂಯಿಸ್ ಕತೀಡ್ರಲ್’ ಎಂದು ಕರೆಯುವುದುಂಟು. ಇದೇ ಹಾರ್ವೀಸ್ ಸಂಸ್ಥೆಯ ಬ್ರೂವರಿ. ಸಂಸ್ಥೆಯು ತನ್ನ ಆರಂಭವನ್ನು 1790ಕ್ಕೆ ಎಣಿಸುತ್ತದೆ; ಮೂಲಪುರುಷ ಜಾನ್ ಹಾರ್ವಿ. ಈಗಿರುವ ಗೋಪುರವನ್ನು ವಿಲಿಯಮ್ ಬ್ರ್ಯಾಡ್‌ಫರ್ಡ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ 1881ರಲ್ಲಿ ಕಟ್ಟಲಾಯಿತು. ಗೋಪುರವು ಅಲಂಕಾರಕ್ಕಾಗಿ ಎದ್ದದ್ದಲ್ಲ. ಕಾಳನ್ನೂ ನೀರನ್ನೂ ಒಮ್ಮೆ ಮೇಲಕ್ಕೇರಿಸಿಬಿಟ್ಟರೆ, ಅಲ್ಲಿಂದ ಒಂದೊಂದೇ ಅಂತಸ್ತನ್ನು ತನ್ನ ಭಾರದಿಂದಲೇ ಇಳಿಯುತ್ತ ರಸವು ಕೆಳಗಿನ ಪೀಪಾಯಿಯನ್ನು ಸೇರುತ್ತದೆ. ಪಂಪುಗಳು ದುಬಾರಿಯಾಗಿದ್ದ ಕಾಲದ ಜಾಣತನವಿದು.

ಗಾಳಿ ಇತ್ತ ಬೀಸಿದಾಗ ಸೇತುವೆಯ ಮೇಲೆ ಒಂದು ವಾಸನೆ ಬರುತ್ತದೆ. ನಮಗೆ ಅದು ಅಪರಿಚಿತವೆನಿಸಲಿಲ್ಲ. ಮಾಲ್ಟ್ ಎಂದರೆ ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಹದವಾದ ಬಿಸಿಯಲ್ಲಿ ಒಣಗಿಸಿದ ಕಾಳು. ಮೊಳೆತ ರಾಗಿಯನ್ನು ಹುರಿದು ಹಿಟ್ಟು ಮಾಡಿ ಮಗುವಿಗೆ ಕಾಯಿಸಿಕೊಡುವ ನಮ್ಮ ಅಜ್ಜಿಯರು ಈ ವಿದ್ಯೆಯ ಮೊದಲರ್ಧವನ್ನು ಚೆನ್ನಾಗಿಯೇ ಬಲ್ಲರು. ಮೊಳಕೆಯೊಡೆದಾಗ ಕಾಳಿನಲ್ಲಿ ಹುಟ್ಟುವ ಸತ್ತ್ವವು, ಬಿಸಿನೀರಿನಲ್ಲಿ ನೆನೆದೊಡನೆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ನೀರಿನ ಕಾವು ಸುಮಾರು 65 ಡಿಗ್ರಿ ಸೆಲ್ಸಿಯಸ್ ಇರಬೇಕು. ಬಹಳ ಏರಿದರೆ ಆ ಸತ್ತ್ವ ಸಾಯುತ್ತದೆ, ಬಹಳ ಇಳಿದರೆ ಸೋಮಾರಿಯಾಗುತ್ತದೆ. ಹೀಗೆ ಬಸಿದ ಸಿಹಿಯ ರಸಕ್ಕೆ ಹಾಪ್ ಎಂಬ ಬಳ್ಳಿಯ ಒಣಗಿದ ಹೂವನ್ನು ಹಾಕಿ ಕುದಿಸುತ್ತಾರೆ. ಕಹಿಯೂ ಪರಿಮಳವೂ ಅದರಿಂದ. ಬೇಗ ಕೆಡದಂತೆ ಕಾಯುವುದೂ ಅದೇ. ನೀರು ಬ್ರೂವರಿಯ ತಳದ ಬಾವಿಯದು; ಸುತ್ತಣ ಗುಡ್ಡಗಳ ಸುಣ್ಣದ ಪದರಗಳಲ್ಲಿ ಸೋಸಿ ಬಂದದ್ದು.

ಇನ್ನು ಹುದುಗಿನ ವಿಷಯ. ಇದೊಂದನ್ನು ಕೇಳುವುದಕ್ಕಾಗಿಯೇ ಲೂಯಿಸಿಗೆ ಹೋಗಬಹುದು. ಹಾರ್ವೀಸಿನವರು ಬಳಸುವ ಯೀಸ್ಟು 1957ರಲ್ಲಿ ಉತ್ತರದ ಯಾರ್ಕ್‌ಶೈರಿನ ಟ್ಯಾಡ್‌ಕ್ಯಾಸ್ಟರಿನಿಂದ, ಜಾನ್ ಸ್ಮಿತ್ಸ್ ಎಂಬ ಬೇರೊಂದು ಬ್ರೂವರಿಯಿಂದ ಬಂದದ್ದು. ಅಂದಿನಿಂದ ಇಂದಿನವರೆಗೆ ಒಂದು ಕಡಾಯಿಯ ನೊರೆಯಿಂದ ಮತ್ತೊಂದಕ್ಕೆ, ಅದರಿಂದ ಮುಂದಿನದಕ್ಕೆ ಎಂದು ಅದೇ ವಂಶ ನಡೆದುಬಂದಿದೆ. ಮನೆಯಲ್ಲಿ ಹೆಪ್ಪು ತೀರಿಹೋದ ದಿನ ಪಕ್ಕದ ಮನೆಯಿಂದ ಒಂದು ಚಮಚ ಮೊಸರು ತಂದು, ಆಮೇಲೆ ವರ್ಷಗಟ್ಟಲೆ ಅದನ್ನೇ ಬೆಳೆಸಿಕೊಂಡು ಹೋಗುವ ಗೃಹಿಣಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಂದ ಹೆಪ್ಪು ಕಾಲಕ್ರಮದಲ್ಲಿ ಆ ಮನೆಯ ಗುಣವನ್ನೇ ಹಿಡಿಯುತ್ತದೆ. ಯಾರ್ಕ್‌ಶೈರಿನ ಯೀಸ್ಟು ಕೂಡ ಈಗ ಸಸೆಕ್ಸಿನದಾಗಿಬಿಟ್ಟಿದೆ.

2000ನೆಯ ಇಸವಿಯ ಅಕ್ಟೋಬರ್ 12ರಂದು ಊಸ್ ನದಿ ಉಕ್ಕಿ ಊರಿನ ತಗ್ಗಿನ ಭಾಗವನ್ನೆಲ್ಲ ನುಂಗಿತು. ಬ್ರೂವರಿಯೂ ಮುಳುಗಿತು; ಯಂತ್ರಗಳು ನಿಂತವು; ಒಳಗೆ ಹೋಗುವ ದಾರಿಯೇ ಇರಲಿಲ್ಲ. ನೀರಿಳಿದ ಮೇಲೆ ನೋಡಿದರೆ, ಮೇಲಿನ ಕಡಾಯಿಗಳಲ್ಲಿದ್ದ ಬಿಯರು ಯಾರ ಹಂಗೂ ಇಲ್ಲದೆ ತನ್ನಷ್ಟಕ್ಕೆ ತಾನು ಹುದುಗಿ ಸಿದ್ಧವಾಗಿತ್ತು. ಅದನ್ನು ‘ಊಸ್ ಬೂಸ್’ ಎಂಬ ಪ್ರಾಸದ ಹೆಸರಿನಲ್ಲಿ ಮಾರಿದರು.

ಬ್ರೂವರಿಯ ಎದುರಿಗೇ ‘ಜಾನ್ ಹಾರ್ವಿ ಟ್ಯಾವರ್ನ್’ ಎಂಬ ಸಂಸ್ಥೆಯ ಸ್ವಂತ ಪಾನಗೃಹವಿದೆ. ಮರದ ತೊಲೆಗಳು, ಸದ್ದಿಲ್ಲದ ಮೂಲೆಗಳು, ಮಧ್ಯಾಹ್ನದ ಹೊತ್ತು. ಒಬ್ಬ ಮುದುಕ ಪತ್ರಿಕೆಯ ಪದಬಂಧವನ್ನು ಬಿಡಿಸುತ್ತಿದ್ದ. ಅವನ ನಾಯಿ ಮೇಜಿನ ಕೆಳಗೆ ಮಲಗಿತ್ತು. ನಾವು ಅರ್ಧ ಪೈಂಟ್ ‘ಸಸೆಕ್ಸ್ ಬೆಸ್ಟ್ ಬಿಟರ್’ ಕೇಳಿದೆವು. ಪೂರ್ತಿ ಪೈಂಟ್ ಎಂದರೆ 568 ಮಿಲಿಲೀಟರ್. ಅಷ್ಟು ನಮ್ಮ ಅಳವಿಗೆ ಮೀರಿದ್ದು. ಮದ್ಯಾಂಶ ನೂರಕ್ಕೆ ನಾಲ್ಕು. ಪರಿಚಾರಿಕೆಯು ಎತ್ತರದ ಮರದ ಹಿಡಿಯೊಂದನ್ನು ತನ್ನತ್ತ ನಿಧಾನವಾಗಿ ಎಳೆದಳು. ನಮ್ಮೂರ ಬೋರ್‌ವೆಲ್ಲಿನ ಕೈಪಂಪಿನಂತೆಯೇ ಅದೂ ಪಂಪು; ನೆಲಮಾಳಿಗೆಯ ಪೀಪಾಯಿಯಿಂದ ಬಿಯರನ್ನು ಮೇಲೆತ್ತುವುದಷ್ಟೇ ಅದರ ಕೆಲಸ. ಇದನ್ನೇ ಅವರು ‘ರಿಯಲ್ ಏಲ್’, ನಿಜವಾದ ಏಲ್, ಎನ್ನುತ್ತಾರೆ. ಬ್ರೂವರಿಯಿಂದ ಹೊರಟಾಗ ಅದರಲ್ಲಿ ಜೀವಂತ ಯೀಸ್ಟು ಇರುತ್ತದೆ. ಪೀಪಾಯಿಯಲ್ಲಿ ಅದು ಇನ್ನೂ ಪಕ್ವವಾಗುತ್ತಿರುತ್ತದೆ. ಹೊರಗಿನ ಅನಿಲವನ್ನು ತುಂಬುವುದಿಲ್ಲ. ಬೆಳಗಿನ ಕಳ್ಳು ಸಂಜೆಯ ಕಳ್ಳಲ್ಲವೆಂಬುದನ್ನು ಬಲ್ಲವರಿಗೆ ಈ ಮಾತು ಕೂಡಲೆ ತಿಳಿಯುತ್ತದೆ.

ಜೀವವಿರುವುದರಿಂದಲೇ ಅದಕ್ಕೆ ಆರೈಕೆ ಬೇಕು. ಸಾಮಾನ್ಯ ಪೀಪಾಯಿಗೆ ‘ಫರ್ಕಿನ್’ ಎಂದು ಹೆಸರು. ಹಿಡಿಯುವುದು 9 ಗ್ಯಾಲನ್, ಎಂದರೆ ಸುಮಾರು 41 ಲೀಟರ್. ಅದನ್ನು ಅಡ್ಡ ಮಲಗಿಸಿ ಅಲುಗಾಡದಂತೆ ಬಿಡಬೇಕು. ಬೆನ್ನಿನ ಮೇಲೆ ಮೆದುಮರದ ಬೆಣೆಯನ್ನು ಬಡಿದು ಹೆಚ್ಚಿನ ಅನಿಲ ಸೋರಿಹೋಗಲು ದಾರಿ ಮಾಡಬೇಕು. ಹದ ಬಂದೊಡನೆ ಅದನ್ನು ತೆಗೆದು ಗಟ್ಟಿಮರದ ಬೆಣೆ ಇಡಬೇಕು. ನೆಲಮಾಳಿಗೆಯ ಕಾವು 12 ಡಿಗ್ರಿಯ ಆಸುಪಾಸು. ಒಮ್ಮೆ ಬಾಯಿ ತೆರೆದ ಪೀಪಾಯಿಯನ್ನು ಸುಮಾರು ಮೂರು ದಿನಗಳಲ್ಲಿ ಮುಗಿಸಬೇಕು, ಇಲ್ಲವಾದರೆ ಹುಳಿಯೇರುತ್ತದೆ. ಗಿರಾಕಿಗಳಿಲ್ಲದ ಅಂಗಡಿಯಲ್ಲಿ ಒಳ್ಳೆಯ ಏಲ್ ಸಿಕ್ಕದಿರುವುದಕ್ಕೆ ಇದೇ ಕಾರಣ. ಶುದ್ಧ ಸಸ್ಯಾಹಾರಿಗಳಾದ ನಮ್ಮವರಿಗೆ ಒಂದು ಸಂಗತಿಯನ್ನು ಹೇಳದೆ ಬಿಟ್ಟರೆ ದ್ರೋಹವಾದೀತು: ಏಲನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ಮಾಡಿದ ಒಂದು ಅಂಟನ್ನು ಪೀಪಾಯಿಗೆ ಹಾಕುವುದು ಅಲ್ಲಿನ ಹಳೆಯ ವಾಡಿಕೆ. ಅದನ್ನು ಬಿಟ್ಟು ಮಬ್ಬಾದ ಏಲನ್ನೇ ಮಾರುವವರೂ ಈಚೆಗೆ ಹುಟ್ಟಿಕೊಂಡಿದ್ದಾರೆ.

ರುಚಿಯೋ? ಇಂಗ್ಲೆಂಡಿನ ಬಿಯರು ಬೆಚ್ಚಗಿರುತ್ತದೆಂಬುದು ಸುಳ್ಳು. ಮಣ್ಣಿನ ಹೂಜಿಯ ನೀರಿನಷ್ಟು ತಂಪು. ಮೊದಲು ಹುರಿದ ಧಾನ್ಯದ ಸಿಹಿ, ಹಿಂದೆಯೇ ಹಾಗಲದಂಥ ಒಂದು ಕಹಿ; ಗುಟುಕು ಇಳಿದ ಮೇಲೂ ನಾಲಗೆಯನ್ನು ಬಿಡದು. ಗುಳ್ಳೆಗಳ ಕುಟುಕು ಇಲ್ಲವೇ ಇಲ್ಲವೆನ್ನಬಹುದು. ನಮಗೆ ಮೊದಲ ಗುಟುಕು ಸಪ್ಪೆಯೆನಿಸಿತು, ನಾಲ್ಕನೆಯದು ಹಾಗೆನಿಸಲಿಲ್ಲ.

ಇಂಥ ಏಲ್ ಒಂದು ಕಾಲದಲ್ಲಿ ಅಳಿಯುವ ಸ್ಥಿತಿಗೆ ಬಂದಿತ್ತು. 1960ರ ದಶಕದಲ್ಲಿ ಇಂಗ್ಲೆಂಡಿನ ದೊಡ್ಡ ಕಂಪೆನಿಗಳು ಸಣ್ಣ ಬ್ರೂವರಿಗಳನ್ನು ಕೊಂಡು ಮುಚ್ಚುತ್ತ, ಸೋಸಿ, ಕಾಯಿಸಿ, ಅನಿಲ ತುಂಬಿದ ‘ಕೆಗ್’ ಬಿಯರನ್ನು ಎಲ್ಲೆಡೆ ಹರಿಸಿದವು. ಅದಕ್ಕೆ ನೆಲಮಾಳಿಗೆಯ ಕುಶಲಿಗನೂ ಬೇಡ, ಮೂರು ದಿನದ ಗಡುವೂ ಇಲ್ಲ. 1971ರಲ್ಲಿ ಐರ್ಲೆಂಡಿಗೆ ಪ್ರವಾಸ ಹೋಗಿದ್ದ ನಾಲ್ವರು ಇಂಗ್ಲಿಷ್ ತರುಣರು ಈ ದುರವಸ್ಥೆಗೆ ಮರುಗಿ ಒಂದು ಸಂಘವನ್ನು ಕಟ್ಟಿದರು. ‘ಕ್ಯಾಮ್ರಾ’ ಎಂದು ಹೆಸರಾದ ಆ ಸಂಘವು ಗ್ರಾಹಕರದೇ ಚಳವಳಿ. ಹಳೆಯ ಏಲ್ ಇಂದು ಉಳಿದಿರುವುದರಲ್ಲಿ ಅದರ ಪಾಲು ದೊಡ್ಡದು.

ಇನ್ನು ಒಡೆತನದ ಮಾತು. ಬ್ರೂವರಿಯು ಪಾನಗೃಹವನ್ನು ಕೊಂಡು ಗೇಣಿಗೆ ಕೊಡುವುದು, ಗೇಣಿದಾರನು ಅದೇ ಬ್ರೂವರಿಯ ಬಿಯರನ್ನು ಮಾತ್ರ ಮಾರುವುದು ಅಲ್ಲಿನ ಹಳೆಯ ಪದ್ಧತಿ. ಇದಕ್ಕೆ ‘ಟೈ’, ಎಂದರೆ ಕಟ್ಟು, ಎನ್ನುತ್ತಾರೆ. ಹಣವಿಲ್ಲದವನೂ ಅಂಗಡಿ ಹಿಡಿಯಬಹುದೆಂಬುದು ಇದರ ಗುಣ. ಹಿಡಿದ ಮೇಲೆ ಕೈಕಟ್ಟಿಸಿಕೊಂಡು ನಿಲ್ಲಬೇಕೆಂಬುದು ದೋಷ. ಒಡೆಯನು ಊರಿನವನೇ ಆಗಿದ್ದರೆ ಕಟ್ಟು ಬಿಗಿಯೆನಿಸುವುದಿಲ್ಲ. ದೂರದವನಾದರೆ ಏನಾಗುತ್ತದೆಂಬುದನ್ನು ಕೋಟೆಯ ಬಳಿಯ ‘ಲೂಯಿಸ್ ಆರ್ಮ್ಸ್’ ತೋರಿಸಿತು. ಆ ಪಾನಗೃಹವು ಗ್ರೀನ್ ಕಿಂಗ್ ಎಂಬ ದೊಡ್ಡ ಸಂಸ್ಥೆಯ ಕೈಯಲ್ಲಿದ್ದರೂ ಹಾರ್ವೀಸಿನ ಏಲನ್ನೂ ಅಲ್ಲಿ ಮಾರುತ್ತಿದ್ದರು. 2006ರ ಡಿಸೆಂಬರಿನಲ್ಲಿ ಗ್ರೀನ್ ಕಿಂಗಿನವರು ಅದನ್ನು ತೆಗೆದುಹಾಕಿದರು. ಕಣ್ಣಳತೆಯ ದೂರದಲ್ಲಿ ತಯಾರಾಗುವ ಏಲ್ ಊರಿನ ಪಾನಗೃಹದಲ್ಲಿ ಸಿಗಬಾರದೇ? ಜನ ಒಳಗೆ ಕಾಲಿಡುವುದನ್ನೇ ಬಿಟ್ಟರು. ಚಳಿಯಲ್ಲಿ ಬಾಗಿಲ ಹೊರಗೆ ನಿಂತು, ಬಂದವರಿಗೆ ವಿಷಯ ತಿಳಿಸಿ ಹಿಂದಕ್ಕೆ ಕಳುಹಿಸಿದರು. ಒಂದಲ್ಲ, ಎರಡಲ್ಲ, 133 ದಿನ ಈ ಬಹಿಷ್ಕಾರ ನಡೆಯಿತು. 2007ರ ಏಪ್ರಿಲಿನಲ್ಲಿ ಸಂಸ್ಥೆಯು ಸೋತು ಹಾರ್ವೀಸನ್ನು ಮರಳಿ ತಂದಿತು. ವಿದೇಶಿ ಬಟ್ಟೆಯ ಬಹಿಷ್ಕಾರವನ್ನು ಕಂಡ ದೇಶದ ನಾವು ಇದನ್ನು ಕೇಳಿ ಮುಗುಳ್ನಕ್ಕೆವು, ಆದರೆ ಕುಚೋದ್ಯದಿಂದಲ್ಲ.

ಸರಕಾರವೂ ಕೈ ಹಾಕದೆ ಇರಲಿಲ್ಲ. 2,000ಕ್ಕಿಂತ ಹೆಚ್ಚು ಪಾನಗೃಹಗಳುಳ್ಳ ಬ್ರೂವರಿಗಳು ಮಿಕ್ಕವುಗಳಲ್ಲಿ ಅರ್ಧವನ್ನು ಮಾರಬೇಕು ಅಥವಾ ಕಟ್ಟಿನಿಂದ ಬಿಡಿಸಬೇಕೆಂದು 1989ರಲ್ಲಿ ಆಜ್ಞೆಯಾಯಿತು. ಉದ್ದೇಶ ಒಳ್ಳೆಯದೇ. ಆದರೆ ಬಿಟ್ಟ ಅಂಗಡಿಗಳನ್ನು ಸಣ್ಣ ಬ್ರೂವರಿಗಳು ಕೊಳ್ಳಲಿಲ್ಲ. ಒಂದು ತೊಟ್ಟು ಬಿಯರನ್ನೂ ತಯಾರಿಸದ ಹೊಸ ಕಂಪೆನಿಗಳು ಸಾವಿರಗಟ್ಟಲೆ ಕೊಂಡುಕೊಂಡು ಅದೇ ಕಟ್ಟನ್ನು ಮುಂದುವರಿಸಿದವು. ಆಜ್ಞೆಯನ್ನು 2003ರಲ್ಲಿ ಹಿಂತೆಗೆದುಕೊಂಡರು. 2016ರ ನಿಯಮಾವಳಿಯ ಮೇರೆಗೆ, 500 ಅಥವಾ ಹೆಚ್ಚು ಕಟ್ಟಿನ ಅಂಗಡಿಗಳುಳ್ಳ ಕಂಪೆನಿಗಳ ಗೇಣಿದಾರರು ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ, ಗೊತ್ತಾದ ಸಂದರ್ಭಗಳಲ್ಲಿ, ಬರಿಯ ಬಾಡಿಗೆ ಕೊಟ್ಟು ಕಟ್ಟಿನಿಂದ ಬಿಡುಗಡೆ ಕೇಳಬಹುದು. ಈ ನಡುವೆ ಹಳೆಯ ಹೆಸರುಗಳೂ ಕೈ ಬದಲಾದವು. ಲಂಡನ್ನಿನ ಫುಲ್ಲರ್ಸ್ ಸಂಸ್ಥೆಯು ಪಾನಗೃಹಗಳನ್ನು ಇಟ್ಟುಕೊಂಡು ತನ್ನ ಬಿಯರ್ ತಯಾರಿಕೆಯನ್ನು 2019ರಲ್ಲಿ ಜಪಾನಿನ ಅಸಾಹಿಗೆ ಮಾರಿತು. ಅದೇ ವರ್ಷ ಗ್ರೀನ್ ಕಿಂಗ್ ಹಾಂಗ್‌ಕಾಂಗಿನ ಸಂಸ್ಥೆಯೊಂದರ ಪಾಲಾಯಿತು. ಹಾರ್ವೀಸ್ ಮಾತ್ರ ಇನ್ನೂ ಕುಟುಂಬದ ಕೈಯಲ್ಲಿದೆ.

ಈ ಏಲಿಗೂ ನಮಗೂ ಸಂಬಂಧ ತೀರ ಇಲ್ಲದಿಲ್ಲ. ಹಡಗಿನ ದೀರ್ಘ ಪಯಣವನ್ನು ತಾಳುವಂತೆ ಹಾಪ್ ಹೆಚ್ಚಿಸಿದ ಏಲನ್ನು ಅಲ್ಲಿಂದ ನಮ್ಮ ದೇಶಕ್ಕೆ ಕಳುಹಿಸುತ್ತಿದ್ದರು. ‘ಇಂಡಿಯಾ ಪೇಲ್ ಏಲ್’ ಎಂಬ ಹೆಸರು ಬಂದದ್ದು ಹಾಗೆ. ದಕ್ಷಿಣ ಭಾರತದ ಬ್ರೂವರಿಗಳನ್ನು ಒಗ್ಗೂಡಿಸಿ 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್‌ಲೆಂಡಿನವನು ಕಟ್ಟಿದ ಯುನೈಟೆಡ್ ಬ್ರೂವರೀಸ್, ಮುಂದೆ ಕನ್ನಡ ಕರಾವಳಿಯ ಮೂಲದ ವಿಠಲ ಮಲ್ಯರ ಕೈಗೆ ಬಂದುದನ್ನು ಬೆಂಗಳೂರಿನವರೆಲ್ಲ ಬಲ್ಲರು.

ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಿಂದ ಲೂಯಿಸಿಗೆ ರೈಲಿನಲ್ಲಿ ಒಂದು ಗಂಟೆಗೆ ಸ್ವಲ್ಪ ಮೇಲ್ಪಟ್ಟು ಹಿಡಿಯುತ್ತದೆ. ಅಷ್ಟು ಬಿಡುವಿಲ್ಲದವರಿಗೆ ಲಂಡನ್ನಿನಲ್ಲಿಯೇ, ಥೇಮ್ಸ್ ನದಿಯ ದಕ್ಷಿಣಕ್ಕೆ ಟ್ಯಾಬರ್ಡ್ ಬೀದಿಯಲ್ಲಿ, ‘ರಾಯಲ್ ಓಕ್’ ಎಂಬ ಹಾರ್ವೀಸಿನ ಪಾನಗೃಹವೊಂದುಂಟು. ಮಧ್ಯಾಹ್ನ ಹೋದರೆ ಕೂರಲು ಜಾಗ ಸಿಗುತ್ತದೆ. ಸಂಜೆ ನಿಂತೇ ಕುಡಿಯಬೇಕು.